ನೊಣ ಇರುವ ಅಂಚೆಚೀಟಿ, ನಾಣ್ಯ ಯಾರ ಹತ್ತಿರ ಇದೆ? ಜೇನುನೊಣ ಲೆಕ್ಕಕ್ಕೆ ಬರುತ್ತಾ?

ಅಂಚೆಪೆಟ್ಟಿಗೆ · ಭಾನುವಾರ ಬೆಳಗ್ಗೆ 9:40

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳುತ್ತೇನೆ, ನಗಬೇಡಿ.

ಈ ಸಲ ನಮ್ಮ ಜಿಲ್ಲೆಯ ಅಂಚೆಚೀಟಿ ಪ್ರದರ್ಶನಕ್ಕೆ ಒಂದು ಫ್ರೇಮ್ ಹಾಕಬೇಕು ಅಂತಿದ್ದೇನೆ. ಒಂದು ಫ್ರೇಮ್ ಅಂದರೆ 16 ಹಾಳೆ. ವಿಷಯ: ನೊಣ.

ಹೋದ ಸಲ ಚಿಟ್ಟೆ ಹಾಕಿದ್ದೆ. ಪಕ್ಕದ ಫ್ರೇಮಿನವರದ್ದೂ ಚಿಟ್ಟೆ, ಎದುರುಗಡೆಯವರದ್ದೂ ಚಿಟ್ಟೆ. ನೋಡೋಕೆ ಬಂದಿದ್ದ ಶಾಲೆಯ ಹುಡುಗ ನನ್ನ ಮುಂದೆ ಎರಡು ಸೆಕೆಂಡ್ ನಿಂತು, "ಅಂಕಲ್, ಇದನ್ನ ಆಗಲೇ ಅಲ್ಲಿ ನೋಡಿದೆ" ಅಂದು ಹೊರಟೇ ಹೋದ. ಅವತ್ತೇ ತೀರ್ಮಾನ ಮಾಡಿದೆ, ಯಾರೂ ಮುಟ್ಟದ ಹುಳ ಹಿಡಿಯಬೇಕು ಅಂತ.

ಕೈಯಲ್ಲಿ ಇರುವುದು ಇಷ್ಟು. ನಮ್ಮ ದೇಶದ 1962ರ ಮಲೇರಿಯಾ ನಿರ್ಮೂಲನೆ ಚೀಟಿ, 15 ನಯಾಪೈಸೆಯದು, ಎರಡು ಪ್ರತಿ. ಅದೇ ವರ್ಷದ ಬೇರೆ ದೇಶಗಳ ಮಲೇರಿಯಾ ಚೀಟಿ ಒಂದಿಪ್ಪತ್ತು. ಇಟಲಿಯ 2 ಲಿರಾ ನಾಣ್ಯ ಒಂದು, ಅದರಲ್ಲಿ ಜೇನುನೊಣ ಇದೆ. ಇಷ್ಟಕ್ಕೆ ನಾಲ್ಕು ಹಾಳೆ ತುಂಬಿದರೆ ಹೆಚ್ಚು. ಉಳಿದ ಹನ್ನೆರಡಕ್ಕೆ ದಾರಿ ತೋರಿಸಿ. ನೊಣದ ನಾಣ್ಯ ಯಾರಾದರೂ ನೋಡಿದ್ದೀರಾ?

ಇನ್ನೊಂದು ಸಣ್ಣ ಸಂಗತಿ. 15 ನಯಾಪೈಸೆ ಚೀಟಿಗಳಲ್ಲಿ ಒಂದರ ಮೂಲೆಯಲ್ಲಿ ಕಂದು ಚುಕ್ಕೆಗಳಿವೆ. ನಮ್ಮ ಮನೆಯವಳು ಅದು ನೊಣದ ಹಿಕ್ಕೆ ಅನ್ನುತ್ತಾಳೆ. ಹೇಗೆ ತೆಗೆಯೋದು?

ಮಲೆನಾಡಮಳೆ · 9:52

ಸರ್, ರಿಟೈರ್ ಆದಮೇಲೆ ನೊಣ ಹೊಡೆಯುವವರನ್ನು ನೋಡಿದ್ದೆ. ನೊಣ ಕೂಡಿಹಾಕುವವರನ್ನು ಇವತ್ತೇ ನೋಡಿದ್ದು.

ಕೀಟಲೆ · 10:15

ಅಂಚೆಪೆಟ್ಟಿಗೆ ಸರ್, ಬಹಳ ಖುಷಿಯಾಯಿತು. ಚಿಟ್ಟೆಯವರ ಕಾಟ ನಮಗೂ ಸಾಕಾಗಿದೆ.

ಆದರೆ ಹಾಳೆ ಜೋಡಿಸುವ ಮೊದಲು ಒಂದು ವಿಷಯ ಇತ್ಯರ್ಥ ಮಾಡಿಕೊಳ್ಳಿ. ನಿಮ್ಮ ಇಟಲಿ ನಾಣ್ಯದಲ್ಲಿ ಇರುವುದು ನೊಣ ಅಲ್ಲ. ಕನ್ನಡದಲ್ಲಿ ಅದಕ್ಕೆ ಜೇನುನೊಣ ಅಂತೀವಿ, ಅಷ್ಟೇ. ಪ್ರಾಣಿಶಾಸ್ತ್ರದಲ್ಲಿ ಅದು ಇರುವೆ, ಕಣಜದ ಕಡೆಯ ನೆಂಟ. ಅದೇ ನಿಮ್ಮ 1962ರ ಚೀಟಿಯ ಸೊಳ್ಳೆ ಇದೆಯಲ್ಲ, ಅದು ಅಪ್ಪಟ ನೊಣದ ಕುಲ.

ಗುರುತು ಹಿಡಿಯೋದು ಸುಲಭ. ರೆಕ್ಕೆ ಎಣಿಸಿ. ನೊಣದ ಗುಂಪಿನ ಹೆಸರೇ ಡಿಪ್ಟೆರಾ, ಗ್ರೀಕಿನಲ್ಲಿ ಎರಡು ರೆಕ್ಕೆಯದು ಅಂತ ಅರ್ಥ. ಜೇನು, ಚಿಟ್ಟೆ, ಏರೋಪ್ಲೇನ್ ಚಿಟ್ಟೆ ಎಲ್ಲಕ್ಕೂ ನಾಲ್ಕು ರೆಕ್ಕೆ. ನೊಣ, ಸೊಳ್ಳೆಗಳಿಗೆ ಹಿಂದಿನ ಜೋಡಿ ಕರಗಿಹೋಗಿ ಎರಡು ಸಣ್ಣ ಕಡ್ಡಿಗಳಾಗಿವೆ, ತುದಿಯಲ್ಲಿ ಗುಂಡು. ಡೋಲು ಬಾರಿಸುವ ಕೋಲಿನ ಹಾಗೆ. ಹಾರುವಾಗ ಅವೂ ರೆಕ್ಕೆಯಷ್ಟೇ ಜೋರಾಗಿ ಬಡಿಯುತ್ತವೆ, ನೊಣ ಯಾವ ಕಡೆ ವಾಲಿದೆ ಅಂತ ಅದಕ್ಕೇ ತಿಳಿಸುತ್ತವೆ. ಅಂಗೈ ಬೀಸಿದಾಗ ನೊಣ ತಪ್ಪಿಸಿಕೊಂಡು ಅಲ್ಲೇ ತಿರುಗಿ ಬಂದು ಕೂರುತ್ತಲ್ಲ, ಅದರ ಗುಟ್ಟು ಇದೇ.

ಗದ್ಯಾಣ · 10:48

ಕೀಟಲೆ ಮೇಡಂ, ನೀವು ಹೇಳಿದ್ದು ಸರಿಯಾಗಿಯೇ ಇರಬಹುದು. ಆದರೆ ನಾಣ್ಯದವರಿಗೆ ಅನ್ಯಾಯ ಮಾಡಿದಿರಿ. ಜೇನು ಬಿಟ್ಟರೆ ನಮ್ಮ ಹತ್ತಿರ ಏನಿದೆ?

ಹಳೇ ಕಾಲದ ಗ್ರೀಕ್ ಪಟ್ಟಣ ಎಫೆಸಸ್‌ನ ಬೆಳ್ಳಿ ನಾಣ್ಯ ನೋಡಿ. ಒಂದು ಕಡೆ ಜೇನು, ಅದರ ಎಡಬಲಕ್ಕೆ ಗ್ರೀಕ್ ಅಕ್ಷರದಲ್ಲಿ ಊರಿನ ಹೆಸರಿನ ಮೊದಲೆರಡು ಅಕ್ಷರ. ಇನ್ನೊಂದು ಕಡೆ ಜಿಂಕೆ, ಹಿಂದೆ ತಾಳೆಮರ. ಆರ್ಟೆಮಿಸ್ ದೇವಿಗೆ ಜೇನು ಪ್ರಿಯ, ಆಕೆಯ ಪೂಜಾರಿಣಿಯರನ್ನೂ ಜೇನು ಅಂತಲೇ ಕರೆಯುತ್ತಿದ್ದರು. ಈ ಮಾದರಿ ಎಷ್ಟು ಚೆನ್ನಾಗಿ ಓಡಿತು ಅಂದರೆ ಫಿನೀಷಿಯಾದ ಅರಾಡಸ್ ಊರಿನವರು ಹಾಗೆಯೇ ನಕಲು ಮಾಡಿ ಜೇನು, ಜಿಂಕೆ ಎರಡನ್ನೂ ಅಚ್ಚು ಹಾಕಿದರು. ಕ್ರೀಟ್ ದ್ವೀಪದ ಎಲಿರಸ್, ಪ್ರೈಸಸ್ ನಾಣ್ಯಗಳಲ್ಲೂ ಜೇನು. ನಮ್ಮ ಕಾಲಕ್ಕೆ ಬಂದರೆ ಮಾಲ್ಟಾದ 1972ರ 3 ಮಿಲ್ಸ್, ಸ್ಲೊವೇನಿಯಾದ 50 ಸ್ಟೊಟಿನ್. ಎಲ್ಲ ಜೇನು.

ನೊಣದ ನಾಣ್ಯ ಹುಡುಕುತ್ತಾ ಎಷ್ಟು ಕ್ಯಾಟಲಾಗ್ ತಿರುಗಿಸಿದರೂ ನನ್ನ ಕೈಗೆ ಸಿಗೋದು ಜೇನೇ. ರಾಜನಿಗೆ ಸಿಂಹ ಬೇಕು, ವ್ಯಾಪಾರಿಗೆ ಜೇನು ಬೇಕು. ತನ್ನ ದುಡ್ಡಿನ ಮೇಲೆ ನೊಣ ಕೂತಿರಲಿ ಅಂತ ಯಾರು ಬಯಸುತ್ತಾರೆ? ನಮ್ಮ ಕಡೆಯೂ ಆನೆ, ವರಾಹ, ಗಂಡಭೇರುಂಡ ಇವೆ. ಹುಳ ಹುಪ್ಪಟೆ ಇಲ್ಲ.

ಕೀಟಲೆ · 11:05

ಅಯ್ಯೋ, ಅನ್ಯಾಯ ನಾನು ಮಾಡಿದ್ದಲ್ಲ ಸರ್. ಬೇಕಾದರೆ ಜೇನಿಗೆ ಒಂದು ಹಾಳೆ ಕೊಡೋಣ. ತಲೆಬರಹ "ನೊಣ ಅಲ್ಲದ ನೊಣ". ಈ ಮಜಾ ಕನ್ನಡದಂಥ ನಮ್ಮ ಭಾಷೆಗಳಲ್ಲಿ ಆಗುತ್ತೆ. ಇಂಗ್ಲಿಷಿನವರು ಬೇರೆ ಥರ ಎಡವುತ್ತಾರೆ. ಅವರಿಗೆ ಚಿಟ್ಟೆಯೂ ಫ್ಲೈ, ಏರೋಪ್ಲೇನ್ ಚಿಟ್ಟೆಯೂ ಫ್ಲೈ, ಮಿಂಚುಹುಳವೂ ಫ್ಲೈ.

ಡೆಟ್ರಾಯ್ಟ್‌ದೋಸೆ · 11:31

ಇಲ್ಲಿ ರಾತ್ರಿ ಎರಡು ಗಂಟೆ. ಈ ಚರ್ಚೆ ನೋಡಿ ನಿದ್ದೆ ಹಾರಿತು, ಆಲ್ಬಂ ತೆಗೆದು ಕೂತಿದ್ದೇನೆ.

ಅಮೆರಿಕದ ಅಂಚೆಯವರು 1999ರಲ್ಲಿ ಹುಳ ಮತ್ತು ಜೇಡಗಳ ಒಂದು ಶೀಟ್ ತಂದರು. 33 ಸೆಂಟಿನ 20 ಚೀಟಿ. ಅದರಲ್ಲಿ ಹೂವಿನ ನೊಣ ಇದೆ. ಕೀಟಲೆ ಅವರ ಲೆಕ್ಕದಲ್ಲಿ ಅದು ಅಸಲಿ. ಅದೇ ಶೀಟಿನಲ್ಲಿ ಚೇಳುನೊಣ ಅನ್ನಬಹುದಾದ ಇನ್ನೊಂದಿದೆ, ಬಾಲ ಚೇಳಿನ ಹಾಗೆ ಮೇಲಕ್ಕೆ ಸುರುಳಿ. ಅದಕ್ಕೆ ನಾಲ್ಕು ರೆಕ್ಕೆ, ಅಂದರೆ ನೊಣ ಅಲ್ಲ. ಹೆಸರು ಬರೆದಿರೋ ರೀತಿಯಲ್ಲೇ ಸುಳಿವು ಇದೆ ನೋಡಿ. ನಿಜವಾದ ನೊಣವಾದರೆ ಇಂಗ್ಲಿಷಿನಲ್ಲಿ ಫ್ಲೈ ಅನ್ನೋದನ್ನ ಬಿಡಿಸಿ ಬರೆಯುತ್ತಾರೆ, ಅಲ್ಲದಿದ್ದರೆ ಕೂಡಿಸಿ ಬರೆಯುತ್ತಾರೆ.

ಒಂದು ಎಚ್ಚರಿಕೆ. ಆನ್‌ಲೈನಲ್ಲಿ ಫ್ಲೈ ಸ್ಟ್ಯಾಂಪ್ ಅಂತ ಹುಡುಕಿದರೆ 1991ರ 29 ಸೆಂಟಿನ ಐದು ಚೀಟಿಗಳ ಬುಕ್‌ಲೆಟ್ ಬರುತ್ತೆ. ಬಣ್ಣಬಣ್ಣದ ಪುಕ್ಕ, ದಾರ, ಕೆಳಗೆ ಕೊಕ್ಕೆ. ಅವು ಗಾಳಕ್ಕೆ ಕಟ್ಟುವ ನಕಲಿ ಹುಳಗಳು. ನಾನು ವಿವರಣೆ ಓದದೆ ದುಡ್ಡು ಕೊಟ್ಟೆ. ಕವರ್ ಒಡೆದು ನೋಡಿದರೆ ಮೀನು ಹಿಡಿಯೋ ಸಾಮಾನು.

ಮಲೆನಾಡಮಳೆ · 11:40

ಅಂದರೆ ಗಾಳಕ್ಕೆ ಬಿದ್ದಿದ್ದು ಮೀನಲ್ಲ, ನೀವು.

ಡೆಟ್ರಾಯ್ಟ್‌ದೋಸೆ · 11:42

ಒಪ್ಪಿದೆ. ಇನ್ನೂ ಒಂದು ಬಲೆ ಇದೆ. ಸೊಳ್ಳೆ ಅಂತ ಹುಡುಕಿದರೆ ಬ್ರಿಟನ್ನಿನ 1997ರ ವಿಮಾನ ವಿನ್ಯಾಸಕಾರರ ಸರಣಿ ಬರುತ್ತೆ. ಅದರಲ್ಲಿ ಡಿ ಹ್ಯಾವಿಲ್ಯಾಂಡ್ ಮಾಸ್ಕಿಟೊ ಇದೆ. ಎರಡನೇ ಮಹಾಯುದ್ಧದಲ್ಲಿ ಹಾರಿದ ಮರದ ವಿಮಾನ. ಅದನ್ನ ತಗೊಳ್ಳಲಿಲ್ಲ, ಅಷ್ಟರಲ್ಲಿ ಬುದ್ಧಿ ಬಂದಿತ್ತು.

ಚಿಮುಟ · ಮಧ್ಯಾಹ್ನ 12:20

ಪ್ರದರ್ಶನದ ಕಡೆಯಿಂದ ಎರಡು ಮಾತು. ನಾನು ಸುಮಾರು ಸಲ ಫ್ರೇಮ್ ಹಾಕಿ ಸೋತವನು, ಆದ್ದರಿಂದ ಹೇಳುವ ಹಕ್ಕಿದೆ.

1962ರ ಚೀಟಿಗಳಲ್ಲೇ ಹಾಳೆ ತುಂಬಿಸಬೇಡಿ. ಆ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ಕರೆಗೆ ಓಗೊಟ್ಟು ನೂರಕ್ಕೂ ಹೆಚ್ಚು ದೇಶಗಳು ಮಲೇರಿಯಾ ವಿರುದ್ಧ ಚೀಟಿ ತಂದವು. ನಮ್ಮದು ಬಂದಿದ್ದು ಏಪ್ರಿಲ್ 7, ವಿಶ್ವ ಆರೋಗ್ಯ ದಿನ. ಎಲ್ಲದರಲ್ಲೂ ಅದೇ ಲಾಂಛನ, ಅದೇ ಸೊಳ್ಳೆ. ಬಣ್ಣ ಬೇರೆ, ದೇಶದ ಹೆಸರು ಬೇರೆ. ಇಪ್ಪತ್ತು ಸಾಲಾಗಿ ಹಾಕಿದರೆ ತೀರ್ಪುಗಾರ ಆಕಳಿಸುತ್ತಾನೆ. ಎರಡೋ ಮೂರೋ ಆರಿಸಿ.

ನಾಣ್ಯ ಹಾಕೋದಾದರೆ ಥೀಮ್ಯಾಟಿಕ್ ವಿಭಾಗ, ಅಂದರೆ ಒಂದು ವಿಷಯ ಹಿಡಿದು ಚೀಟಿ ಜೋಡಿಸುವ ವಿಭಾಗ, ಮರೆತುಬಿಡಿ. ಓಪನ್ ಕ್ಲಾಸಿಗೆ ಹೋಗಿ. ಅಲ್ಲಿ ಅರ್ಧದವರೆಗೂ ಅಂಚೆಗೆ ಸಂಬಂಧವಿಲ್ಲದ ವಸ್ತು ಇಡಬಹುದು.

ಚುಕ್ಕೆ ಇರುವ ಚೀಟಿ ಹಿಂದೆ ಗೋಂದು ಇದೆಯಾ? ಇದ್ದರೆ ನೀರು ಮುಟ್ಟಿಸಲೇಬೇಡಿ.

ಅಂಚೆಪೆಟ್ಟಿಗೆ · 12:45

ಗೋಂದು ಇದೆ. ಒಳ್ಳೆಯದಾಯಿತು ಕೇಳಿದ್ದು, ಬಟ್ಟಲಲ್ಲಿ ನೀರು ಇಟ್ಟುಕೊಂಡೇ ಕೂತಿದ್ದೆ.

ಡಿಡಿಟಿಮಾವ · 1:30

ನಾನು ಚೀಟಿ ಸಂಗ್ರಹಿಸುವವನಲ್ಲ. ಮೊಮ್ಮಗ ಈ ಪುಟ ತೋರಿಸಿದ. ಮಲೇರಿಯಾ ಇಲಾಖೆಯಲ್ಲಿ ಕೆಲಸ ಮಾಡಿದವನು, ಅದಕ್ಕೇ ಬರೆಯುತ್ತಿದ್ದೇನೆ.

ಆ 15 ನಯಾಪೈಸೆ ಚೀಟಿ ಬಂದ ಕಾಲಕ್ಕೆ ದೇಶದಲ್ಲಿ ಬಹಳ ಹುಮ್ಮಸ್ಸಿತ್ತು. ಸ್ವಾತಂತ್ರ್ಯ ಬಂದಾಗ ವರ್ಷಕ್ಕೆ 7.5 ಕೋಟಿ ಜನಕ್ಕೆ ಮಲೇರಿಯಾ, 8 ಲಕ್ಷ ಸಾವು ಅನ್ನೋ ಲೆಕ್ಕ ಇತ್ತು. 1953ರಲ್ಲಿ ನಿಯಂತ್ರಣ ಕಾರ್ಯಕ್ರಮ ಶುರು ಮಾಡಿದರು. 1958ರಲ್ಲಿ ಹೆಸರನ್ನೇ ನಿರ್ಮೂಲನೆ ಅಂತ ಬದಲಾಯಿಸಿದರು. 1965ರ ಹೊತ್ತಿಗೆ ಒಂದು ಲಕ್ಷಕ್ಕೆ ಇಳಿಯಿತು. ಮುಗಿದೇ ಹೋಯಿತು ಅಂದುಕೊಂಡರು. 1976ಕ್ಕೆ ಮತ್ತೆ 64 ಲಕ್ಷ!

ನಾನು ಸೇರಿದ್ದು ಹಾಗೆ ಮತ್ತೆ ಏರಿದ ಕಾಲದಲ್ಲಿ. ಬೆನ್ನಿಗೆ ಪಂಪು, ಕೈಯಲ್ಲಿ ಬಕೆಟ್ಟು. ಗೋಡೆಗೆ ಡಿಡಿಟಿ ಹೊಡೆದು ಬಾಗಿಲ ಪಕ್ಕ ತಾರೀಖು ಬರೆಯಬೇಕು. ಹೆಂಗಸರು ದೇವರಮನೆಗೂ ಅಡುಗೆಮನೆಗೂ ಬಿಡುತ್ತಿರಲಿಲ್ಲ. ಹೊಡೆದು ಹೋದ ಮರುದಿನವೇ ಗೋಡೆಗೆ ಸಗಣಿ ಸಾರಿಸಿಬಿಡೋರು. ಸೊಳ್ಳೆ ಕೂರೋದು ಸಗಣಿ ಮೇಲೆ, ಔಷಧಿ ಅದರ ಅಡಿಯಲ್ಲಿ. ಆದರೆ ತಿಗಣೆ ಸಾಯುತ್ತೆ ಅಂತ ಮಂಚ ಮಾತ್ರ ಹೊರಗೆ ತಂದು, "ಇದಕ್ಕೂ ಸ್ವಲ್ಪ ಹೊಡಿಯಪ್ಪಾ" ಅನ್ನೋರು.

ಚೀಟಿಯಲ್ಲಿ ಸೊಳ್ಳೆ ಹೇಗೆ ಕೂತಿದೆ ನೋಡಿ. ಮಲೇರಿಯಾದ ಅನಾಫಿಲಿಸ್ ಕೂತರೆ ಹಿಂಭಾಗ ಮೇಲಕ್ಕೆ ಎತ್ತಿರುತ್ತೆ, ಗೋಡೆಗೆ ಮೊಳೆ ಓರೆಯಾಗಿ ಹೊಡೆದ ಹಾಗೆ. ಚರಂಡಿಯ ಕ್ಯೂಲೆಕ್ಸ್ ಗೂನು ಬೆನ್ನು ಮಾಡಿಕೊಂಡು ಗೋಡೆಗೆ ಸಮನಾಗಿ ಕೂರುತ್ತೆ. ಟ್ರೈನಿಂಗಿನಲ್ಲಿ ನಮಗೆ ಮೊದಲ ದಿನ ಕಲಿಸಿದ್ದೇ ಇದು.

ಕೀಟಲೆ · 1:48

ಮಾವ, ನಮಸ್ಕಾರ. ನಿಮ್ಮ ಮಾತಿಗೆ ಒಂದು ಬಾಲ ಸೇರಿಸುತ್ತೇನೆ. ಚೀಟಿಯ ಸೊಳ್ಳೆಗೆ ಮೀಸೆ ಹೇಗಿದೆ ಅಂತಲೂ ನೋಡಬೇಕು. ಪೊದೆಯಂಥ ಮೀಸೆ ಬರೆದಿದ್ದರೆ ಅದು ಗಂಡು. ಗಂಡು ಸೊಳ್ಳೆ ಕಚ್ಚೋದೇ ಇಲ್ಲ, ಹೂವಿನ ರಸ ಕುಡಿದುಕೊಂಡು ಇರುತ್ತೆ. ರೋಗದ ಆಪಾದನೆ ಹೊತ್ತು ಚೀಟಿ ಮೇಲೆ ಕೂತಿರೋದು ಪಾಪದ ಗಂಡೋ ಅಸಲಿ ಹೆಣ್ಣೋ ಅಂತ ಒಂದೊಂದೇ ಪರೀಕ್ಷಿಸಿ. ಇಪ್ಪತ್ತು ಚೀಟಿ ಇದೆ ಅಂದಿರಲ್ಲ, ಇದೇ ಒಂದು ಹಾಳೆಗೆ ಸಾಕಾಗುವ ವಿಷಯ.

ಅಂಚೆಪೆಟ್ಟಿಗೆ · 2:10

ಮಾವ, ನೀವು ಗೋಡೆ, ಸಗಣಿ ಅಂದಿದ್ದನ್ನು ಎರಡು ಸಲ ಓದಿದೆ. ನಮ್ಮ ಮನೆ ಬಾಗಿಲ ಪಕ್ಕವೂ ಅಂಥ ತಾರೀಖು ಇತ್ತು. ಸುಣ್ಣ ಹೊಡೆಯುವಾಗ ಅಪ್ಪ ಅದೊಂದು ಚೌಕ ಬಿಟ್ಟು ಹೊಡೆಯುತ್ತಿದ್ದರು.

ಸೊಳ್ಳೆಗೆ ನಮ್ಮ ದೇಶದ ಚೀಟಿ 1962ರದ್ದೇ ಮೊದಲನೆಯದಾ?

ಚಿಮುಟ · 2:35

ಅಲ್ಲ. 1955ರ ಪಂಚವಾರ್ಷಿಕ ಯೋಜನೆ ಸರಣಿಯಲ್ಲೇ ಮಲೇರಿಯಾ ನಿಯಂತ್ರಣದ ಚೀಟಿ ಇದೆ. ಸೊಳ್ಳೆ, ಜೊತೆಗೆ ಹಾವು ಸುತ್ತಿದ ವೈದ್ಯರ ಕೋಲು. ಅದೇ ಸರಣಿಯ 12 ಆಣೆ ಚೀಟಿಯಲ್ಲಿ ನಮ್ಮ ಬೆಂಗಳೂರಿನ ವಿಮಾನ ಕಾರ್ಖಾನೆ ಇದೆ. ಟ್ರ್ಯಾಕ್ಟರ್, ಮಗ್ಗ, ಅಣೆಕಟ್ಟು, ರೈಲ್ವೆ ಇಂಜಿನ್ ನಡುವೆ ಒಂದು ಸೊಳ್ಳೆ. ದೇಶ ಕಟ್ಟುವವರ ಪಟ್ಟಿಯಲ್ಲಿ ಶತ್ರುವಿಗೂ ಒಂದು ಕುರ್ಚಿ. ನನಗೆ ಆ ಸರಣಿಯಲ್ಲಿ ಇಷ್ಟವಾದ ಚೀಟಿ ಅದೇ.

ಆಮೇಲೆ 1997ರಲ್ಲಿ ರೊನಾಲ್ಡ್ ರಾಸ್ ಅನ್ನೋ ಬ್ರಿಟಿಷ್ ವೈದ್ಯನ ಚೀಟಿ ಬಂತು, 2 ರೂಪಾಯಿ. ಆತ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ರೋಗಾಣು ಕಂಡು ನೂರು ವರ್ಷ ತುಂಬಿದ ನೆನಪಿಗೆ.

ಕೀಟಲೆ · 2:50

ರಾಸ್ ಹೆಸರು ಬಂದಮೇಲೆ ಬೆಂಗಳೂರಿನ ತೊಟ್ಟಿಯ ಕತೆ ಹೇಳಲೇಬೇಕು.

1883ರಲ್ಲಿ ಆತ ಬೆಂಗಳೂರಿನ ದಂಡಿನಲ್ಲಿ ವೈದ್ಯ. ಬಂಗಲೆಯೇನೋ ಚೆನ್ನಾಗಿತ್ತು, ಆದರೆ ಸೊಳ್ಳೆ ಕಾಟ. ತನ್ನ ಕೋಣೆಯಲ್ಲೇ ಯಾಕೆ ಇಷ್ಟು ಜಾಸ್ತಿ ಅಂತ ನೋಡಿದರೆ ಕಿಟಕಿಯ ಹೊರಗೆ ನೀರಿನ ತೊಟ್ಟಿ. ಬಗ್ಗಿ ನೋಡಿದ, ಹುಳ ಕುಣಿಯುತ್ತಿದ್ದವು. ತೊಟ್ಟಿ ಮಗುಚಿಹಾಕಿದ, ಸೊಳ್ಳೆ ಕಡಿಮೆಯಾದವು. ಹಾಗಾದರೆ ಎಲ್ಲ ಕಡೆ ನಿಂತ ನೀರು ಚೆಲ್ಲಿಸೋಣ ಅಂತ ಮೇಲಿನ ಅಧಿಕಾರಿಗೆ ಹೇಳಿದರೆ ಆತ ಒಪ್ಪಲಿಲ್ಲ. ಸೊಳ್ಳೆಯನ್ನೂ ಸೃಷ್ಟಿಯಲ್ಲಿ ಏನೋ ಕಾರಣಕ್ಕೇ ಮಾಡಿರುತ್ತಾರೆ, ಸಹಿಸಿಕೊಳ್ಳಬೇಕು ಅನ್ನೋ ಧಾಟಿಯ ಉತ್ತರ ಕೊಟ್ಟನಂತೆ.

ಆಗ ರಾಸ್‌ಗೆ ಸೊಳ್ಳೆಗೂ ಮಲೇರಿಯಾಕ್ಕೂ ನಂಟಿದೆ ಅನ್ನೋದೇ ಗೊತ್ತಿರಲಿಲ್ಲ. ಅದು ಗೊತ್ತಾಗೋಕೆ ಇನ್ನೂ ಹದಿನಾಲ್ಕು ವರ್ಷ ಬೇಕಾಯಿತು. 1897ರ ಆಗಸ್ಟ್ 20ರಂದು ಕಂಡುಹಿಡಿದ, 1902ರಲ್ಲಿ ನೊಬೆಲ್ ಬಂತು.

ಡಿಡಿಟಿಮಾವ · 3:05

ಮೇಲಧಿಕಾರಿ ಅನ್ನೋನು ಎಲ್ಲ ಕಾಲದಲ್ಲೂ ಒಂದೇ ಅಚ್ಚು.

ಗದ್ಯಾಣ · 3:40

ನಾಣ್ಯ ಸಿಕ್ಕಿತು! ಸೊಳ್ಳೆಯ ಚಿತ್ರ ಇಲ್ಲ, ಆದರೆ ಸೊಳ್ಳೆಗೆ ಸಂದಾಯವಾದ ನಾಣ್ಯ.

ಸಿಕಂದರಾಬಾದಿನಲ್ಲಿ ರಾಸ್‌ಗೆ ಮಲೇರಿಯಾ ರೋಗಿಯನ್ನು ಕಚ್ಚಿದ ಸೊಳ್ಳೆ ಬೇಕಿತ್ತು. ಹುಸೇನ್ ಖಾನ್ ಅನ್ನೋ ರೋಗಿ ಒಪ್ಪಿಕೊಂಡ. ಮೊಟ್ಟೆಯಿಂದ ಸಾಕಿದ ಸೊಳ್ಳೆಗಳನ್ನು ಪರದೆಯೊಳಗೆ ಬಿಟ್ಟು ಕಚ್ಚಿಸಿದರು. ರಕ್ತ ಕುಡಿದ ಒಂದು ಸೊಳ್ಳೆಗೆ ಒಂದು ಆಣೆ ಕೂಲಿ. ಆ ಸಲ ಆತನಿಗೆ ಸಂದಿದ್ದು ಎಂಟು ಆಣೆ. ಅದೇ ಸೊಳ್ಳೆಗಳನ್ನು ಒಂದೊಂದಾಗಿ ಕೊಯ್ದು ನೋಡುತ್ತಾ ಹೋದಾಗ ಸಿಕ್ಕಿದ್ದು ಆ ರೋಗಾಣು.

ಈಗ ನನ್ನ ಕ್ಷೇತ್ರಕ್ಕೆ ಬನ್ನಿ. ಒಂದಾಣೆ ಅಂದ ತಕ್ಷಣ ಅಂಚು ಅಲೆಅಲೆಯಾಗಿರುವ ಆ ನಿಕಲ್ ನಾಣ್ಯ ಹುಡುಕೋಕೆ ಹೋಗಬೇಡಿ. 1897ರಲ್ಲಿ ಒಂದಾಣೆಯ ನಾಣ್ಯವೇ ಇರಲಿಲ್ಲ. ಅದು ಬಂದಿದ್ದು ಏಳನೇ ಎಡ್ವರ್ಡ್ ಕಾಲದಲ್ಲಿ. ಅವತ್ತು ಒಂದು ಆಣೆ ಕೊಡಬೇಕಾದರೆ ತಾಮ್ರದ ಕಾಲಾಣೆ ನಾಲ್ಕು ಎಣಿಸಿದರಾಯಿತು. ಎಂಟು ಆಣೆಯಾದರೆ ವಿಕ್ಟೋರಿಯಾ ತಲೆಯ ಬೆಳ್ಳಿಯ ಅರ್ಧ ರೂಪಾಯಿ ಒಂದು ಸಾಕು. ಹುಸೇನ್ ಖಾನ್ ಕೈಗೆ ಬಿದ್ದಿದ್ದು ಬೆಳ್ಳಿಯೋ ಮೂವತ್ತೆರಡು ತಾಮ್ರದ ಕಾಸೋ, ಗೊತ್ತಿಲ್ಲ. ನಿಮ್ಮ ಫ್ರೇಮಿಗೆ ಎರಡೂ ಇಡಿ. ಪಕ್ಕದಲ್ಲಿ 1997ರ ಚೀಟಿ. ನನ್ನ ಹತ್ತಿರ ಸವೆದ ಕಾಲಾಣೆ ಬೇಕಾದಷ್ಟಿವೆ, ನಾಲ್ಕು ಕಳಿಸುತ್ತೇನೆ. ದುಡ್ಡು ಬೇಡ.

ಅಂಚೆಪೆಟ್ಟಿಗೆ · 3:52

ಗದ್ಯಾಣ ಸರ್, ಬೆಳಗ್ಗೆಯಿಂದ ನೊಣದ ಚಿತ್ರವಿರುವ ನಾಣ್ಯವನ್ನೇ ಹುಡುಕುತ್ತಿದ್ದೆ. ನನ್ನ ತಲೆಗೆ ಇದು ಹೊಳೆಯುತ್ತಲೇ ಇರಲಿಲ್ಲ. ಹಾಳೆ ಗಟ್ಟಿಯಾಯಿತು.

ಮಲೆನಾಡಮಳೆ · 4:00

ಒಂದು ಸೊಳ್ಳೆಗೆ ಒಂದು ಆಣೆಯ ಲೆಕ್ಕದಲ್ಲಿ ನಮ್ಮ ತೋಟದ ಮನೆಯಲ್ಲಿ ಒಂದು ರಾತ್ರಿ ಮಲಗಿದರೆ ಕಾರು ತಗೊಳ್ಳಬಹುದು.

ಚಿಮುಟ · 4:25

ರಾಸ್ ಪಕ್ಕಕ್ಕೆ ಕ್ಯೂಬಾ ಇಡಿ. ಕಾರ್ಲೋಸ್ ಫಿನ್ಲೆ ಅನ್ನೋ ವೈದ್ಯ 1881ರಲ್ಲೇ ಹಳದಿ ಜ್ವರ ಸೊಳ್ಳೆಯಿಂದ ಹರಡುತ್ತೆ ಅಂದ. ಸುಮಾರು ಇಪ್ಪತ್ತು ವರ್ಷ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕ್ಯೂಬಾದವರು 1965ರಲ್ಲಿ ಆತ ತೀರಿಕೊಂಡ ಐವತ್ತನೇ ವರ್ಷಕ್ಕೆ ಒಂದು ಸರಣಿ ತಂದರು. ಅದರಲ್ಲಿ ಸೊಳ್ಳೆಯೂ ಇದೆ, ಸೂಕ್ಷ್ಮದರ್ಶಕವೂ ಇದೆ. ಆತ ತೀರಿಕೊಂಡಿದ್ದು 1915ರ ಆಗಸ್ಟ್ 20. ರಾಸ್ ಕಂಡುಹಿಡಿದ ತಾರೀಖೂ ಆಗಸ್ಟ್ 20. ಒಂದೇ ಹಾಳೆಯಲ್ಲಿ ಎದುರುಬದುರು ಹಾಕಿ.

ಕೀಟಲೆ · 4:40

ಆ ಕ್ಯೂಬಾ ಸೊಳ್ಳೆ ನಮಗೆ ಪರಿಚಯದ್ದೇ. ಈಡಿಸ್. ಕಾಲಿಗೆ ಬಿಳಿ ಪಟ್ಟೆ, ಈಗ ನಮ್ಮಲ್ಲಿ ಡೆಂಗಿ ಹರಡುತ್ತಿರೋದು ಅದೇ.

ಸೊಳ್ಳೆ ಸಾಕು ಅಲ್ವಾ? ನನ್ನ ಪ್ರೀತಿಯ ಹುಳಕ್ಕೆ ಬರುತ್ತೇನೆ. ಬಾಳೆಹಣ್ಣು ಕಳಿತು ಕಪ್ಪಾದಾಗ, ಹಲಸಿನ ಹಣ್ಣು ಬಿಡಿಸಿಟ್ಟಾಗ ಎಲ್ಲಿಂದಲೋ ಬಂದು ಮುತ್ತುವ ಸಣ್ಣ ನೊಣ ಇದೆಯಲ್ಲ, ಡ್ರಾಸೊಫಿಲಾ. 1910ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹಂಟ್ ಮಾರ್ಗನ್‌ಗೆ ಕೆಂಪು ಕಣ್ಣಿನ ನೊಣಗಳ ನಡುವೆ ಬಿಳಿ ಕಣ್ಣಿನ ಒಂದು ಗಂಡು ನೊಣ ಸಿಕ್ಕಿತು. ಅದರ ಮಕ್ಕಳು ಮೊಮ್ಮಕ್ಕಳನ್ನು ಹಾಲಿನ ಬಾಟಲಿಯಲ್ಲಿ ಬಾಳೆಹಣ್ಣು ಹಾಕಿ ಸಾಕಿ, ಕಣ್ಣಿನ ಬಣ್ಣ ಎಣಿಸುತ್ತಾ ಕೂತರು. ಅನುವಂಶೀಯತೆ ಕ್ರೋಮೋಸೋಮಿನ ಮೇಲೆ ಕೂತಿದೆ ಅನ್ನೋದು ಹಾಗೆ ಗಟ್ಟಿಯಾಯಿತು. 1933ರಲ್ಲಿ ನೊಬೆಲ್. ಸ್ವೀಡನ್ 1989ರಲ್ಲಿ ತಳಿಶಾಸ್ತ್ರದ ನೊಬೆಲ್ ಪಡೆದವರ ಚೀಟಿಗಳನ್ನು ತಂದಾಗ ಮಾರ್ಗನ್‌ಗೆ ಈ ನೊಣವೇ ಗುರುತು.

ಈ ನೊಣಕ್ಕೂ ನಮ್ಮೂರಿಗೂ ನಂಟಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಡ್ರಾಸೊಫಿಲಾ ತಳಿಗಳ ಸಂಗ್ರಹ ಕೇಂದ್ರವೇ ಇದೆ. ನಾನು ಮೊದಲ ಸಲ ನೊಣಕ್ಕೆ ಈಥರ್ ಕೊಟ್ಟು ಮಲಗಿಸಿ, ಕುಂಚದ ತುದಿಯಲ್ಲಿ ಹೆಣ್ಣು ಗಂಡು ಬೇರೆ ಮಾಡಿದ್ದು ಪ್ರಾಕ್ಟಿಕಲ್ ಕ್ಲಾಸಿನಲ್ಲಿ. ಈಥರ್ ಸ್ವಲ್ಪ ಕಡಿಮೆಯಾಗಿತ್ತು. ಅರ್ಧ ಎಣಿಸುವಷ್ಟರಲ್ಲಿ ಎಲ್ಲ ಎದ್ದು ಹಾರಿದವು. ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಮೊಸರನ್ನದ ಮೇಲೆ ನನ್ನದೇ ನೊಣಗಳು.

ಗದ್ಯಾಣ · 5:10

ತಿಂದಿರಾ?

ಕೀಟಲೆ · 5:11

ಹಸಿವಾಗಿತ್ತು ಸರ್.

ಡೆಟ್ರಾಯ್ಟ್‌ದೋಸೆ · ರಾತ್ರಿ 8:20

ನಿದ್ದೆ ಮಾಡಿ ಎದ್ದು ಬಂದೆ. ಬ್ರಿಟನ್ನಿನ ವಿಷಯ ಯಾರೂ ಹೇಳಿಲ್ಲ. 1985ರ ಹುಳಗಳ ಸರಣಿಯಲ್ಲಿ ಐದು ಚೀಟಿ: ದುಂಬಿಜೇನು, ಗುಲಗಂಜಿ ಹುಳ, ಮಿಡತೆ ಜಾತಿಯದೊಂದು, ಕೊಂಬಿನ ಜೀರುಂಡೆ, ಏರೋಪ್ಲೇನ್ ಚಿಟ್ಟೆ. ನೊಣ ಇಲ್ಲ. 2008ರಲ್ಲಿ ಮತ್ತೆ ಹತ್ತು ಹುಳ ತಂದರು, ಆಗಲೂ ನೊಣ ಇಲ್ಲ. 2020ರಲ್ಲಿ ಪರಾಗಸ್ಪರ್ಶ ಮಾಡುವ ಹುಳಗಳು ಅಂತ ಆರು ಬಂದವು, ಆಗ ಒಂದು ನೊಣಕ್ಕೆ ಜಾಗ ಸಿಕ್ಕಿತು. ಮಾರ್ಮಲೇಡ್ ನೊಣ ಅಂತ ಹೆಸರು, ಕಿತ್ತಳೆ ಬಣ್ಣದ ಮೈಗೆ ಕಪ್ಪು ಪಟ್ಟೆ. ನೋಡಿದ ತಕ್ಷಣ ಕಣಜ ಅನ್ನಿಸುತ್ತೆ.

ಕೀಟಲೆ · 8:45

ಅನ್ನಿಸಲಿ ಅಂತಲೇ ಆ ವೇಷ. ಅದಕ್ಕೆ ಕೊಂಡಿ ಇಲ್ಲ, ಕಚ್ಚೋದೂ ಇಲ್ಲ. ಹಕ್ಕಿಗೆ ಮೋಸ ಮಾಡೋಕೆ ಹಾಕಿಕೊಂಡ ಅಂಗಿ. ಚೀಟಿ ಮಾರುವವರೂ ಮೋಸ ಹೋಗುತ್ತಾರೆ, ಹೂವಿನ ನೊಣವನ್ನು ಜೇನಿನ ಡಬ್ಬಿಗೆ ಹಾಕಿಟ್ಟಿರುತ್ತಾರೆ. ಸರ್, ಅಂಗಡಿಗೆ ಹೋದರೆ ಜೇನಿನ ಡಬ್ಬಿ ಕೇಳಿ. ತಲೆತುಂಬ ಕಣ್ಣು, ಚೋಟುದ್ದದ ಮೀಸೆ, ಎರಡು ರೆಕ್ಕೆ ಕಂಡರೆ ಸುಮ್ನೆ ಎತ್ತಿಕೊಂಡು ಬನ್ನಿ. ಜೇನಿಗಾದರೆ ಮೀಸೆ ಉದ್ದ, ಮೊಣಕೈ ಮಡಿಸಿದ ಹಾಗೆ.

ಆಫ್ರಿಕಾದ ಚೀಟಿಗಳಲ್ಲಿ ಸೆಟ್ಸಿ ನೊಣ ಸಿಕ್ಕರೆ ಬಿಡಬೇಡಿ. ನಿದ್ರಾರೋಗ ಹರಡುವ ನೊಣ ಅದು. ಕೂತಾಗ ರೆಕ್ಕೆಗಳನ್ನು ಕತ್ತರಿ ಮುಚ್ಚಿದ ಹಾಗೆ ಒಂದರ ಮೇಲೊಂದು ಮಡಿಸುತ್ತೆ, ಸೊಂಡಿಲು ನೇರ ಮುಂದಕ್ಕೆ. ಚಿತ್ರಕಾರ ನಿಜವಾದ ಹುಳ ನೋಡಿ ಬರೆದನೋ ಮನೆನೊಣ ನೋಡಿ ಬರೆದನೋ ಅಂತ ರೆಕ್ಕೆಯಲ್ಲೇ ಗೊತ್ತಾಗುತ್ತೆ. ಇನ್ನೊಂದು ವಿಶೇಷ, ಅದು ಮೊಟ್ಟೆ ಇಡೋದಿಲ್ಲ. ಒಂದು ಸಲಕ್ಕೆ ಒಂದೇ ಮರಿ, ಹೊಟ್ಟೆಯಲ್ಲೇ ಬೆಳೆಸಿ ಹೆರುತ್ತೆ.

ಡಿಡಿಟಿಮಾವ · 9:05

ಹೊಳೆಕುರುಡು ಅಂತಲೂ ಒಂದು ಇದೆ. ಪಶ್ಚಿಮ ಆಫ್ರಿಕಾದಲ್ಲಿ ಜೋರಾಗಿ ಹರಿಯುವ ನದಿಗಳಲ್ಲಿ ಹುಟ್ಟುವ ಕಪ್ಪು ನೊರಜು ಕಚ್ಚಿ ಕಣ್ಣು ಹೋಗುತ್ತೆ. 1974ರಲ್ಲಿ ಏಳು ದೇಶ ಸೇರಿ ಅದರ ಮೇಲೆ ಯುದ್ಧಕ್ಕೆ ನಿಂತವು. ಆ ಕಾಯಿಲೆಯ ವಿರುದ್ಧವೂ ಆ ಕಡೆಯ ದೇಶಗಳು ಚೀಟಿ ತಂದಿವೆ. ಕೋಲಿನ ಒಂದು ತುದಿ ಮಗುವಿನ ಕೈಯಲ್ಲಿ, ಇನ್ನೊಂದು ತುದಿ ಕುರುಡ ಅಜ್ಜನ ಕೈಯಲ್ಲಿ, ಹಾಗೆ ನಡೆದುಹೋಗುವ ಚಿತ್ರ. ಅದೇ ಆ ರೋಗದ ಗುರುತಾಗಿಬಿಟ್ಟಿತ್ತು. ನಮ್ಮ ಟ್ರೈನಿಂಗ್ ಹಾಲಿನ ಗೋಡೆಯಲ್ಲಿ ಅದರ ಪೋಸ್ಟರ್ ಇತ್ತು. ಸೊಳ್ಳೆ ಪೋಸ್ಟರುಗಳೆಲ್ಲ ಮರೆತುಹೋಗಿವೆ, ಅದೊಂದು ಕಣ್ಣಿಗೆ ಕಟ್ಟಿದೆ.

ಗದ್ಯಾಣ · 9:30

ನೊಣಕ್ಕೆ ಮರ್ಯಾದೆಯೇ ಇಲ್ಲ ಅಂದುಕೊಳ್ಳಬೇಡಿ. ಹಳೇ ಈಜಿಪ್ಟಿನಲ್ಲಿ ಯುದ್ಧದಲ್ಲಿ ಪರಾಕ್ರಮ ತೋರಿದವರಿಗೆ ರಾಜ ಚಿನ್ನದ ನೊಣ ಕೊಡುತ್ತಿದ್ದ. ಅಹ್‌ಹೋತೆಪ್ ರಾಣಿಯ ಸಮಾಧಿಯಲ್ಲಿ 1859ರಲ್ಲಿ ಸಿಕ್ಕ ಸರದಲ್ಲಿ ಮೂರು ದೊಡ್ಡ ಚಿನ್ನದ ನೊಣಗಳಿವೆ. ಈಗ ಲಕ್ಸರ್ ಮ್ಯೂಸಿಯಂನಲ್ಲಿದೆ. ಓಡಿಸಿದರೂ ಓಡದೆ ಮತ್ತೆ ಮತ್ತೆ ಮೇಲೆ ಬೀಳುವ ಹುಳ ಅಂತ ಸೈನಿಕನಿಗೆ ಹೋಲಿಸಿದ್ದಾರೆ ಅನ್ನೋದು ಸಾಮಾನ್ಯ ವಿವರಣೆ. ನಾಣ್ಯ ಅಲ್ಲ, ಪದಕ. ಆದರೂ ಲೋಹ ತಾನೇ? ಇದರ ಚಿತ್ರಕ್ಕೆ ಓಪನ್ ಕ್ಲಾಸಿನಲ್ಲಿ ಒಂದು ಮೂಲೆ ಕೊಡಿ.

ಚಿಮುಟ · 9:48

ಮೂಲೆ ಮಾತ್ರ. ಇಲ್ಲದಿದ್ದರೆ 16 ಹಾಳೆಯಲ್ಲಿ ಎಂಟು ಈಜಿಪ್ಟ್ ಆಗುತ್ತೆ, ಗದ್ಯಾಣ ಅವರನ್ನು ನಾನು ಬಲ್ಲೆ.

ಅಂಚೆಪೆಟ್ಟಿಗೆಯವರೇ, ಚುಕ್ಕೆಯ ಕತೆ ಏನಾಯಿತು? ಒಂದು ಮಾತು ಹೇಳಲು ಮರೆತಿದ್ದೆ. ಅಂಚೆಚೀಟಿಯವರಲ್ಲಿ ಮುದ್ರಣದ ಸಣ್ಣಸಣ್ಣ ದೋಷಗಳನ್ನು, ಇಲ್ಲೊಂದು ಚುಕ್ಕೆ, ಅಲ್ಲೊಂದು ಗೀರು ಅಂತ ಭೂತಗನ್ನಡಿ ಹಿಡಿದು ಹುಡುಕುವ ಒಂದು ಪಂಗಡವಿದೆ. ಇಂಗ್ಲಿಷಿನಲ್ಲಿ ಅವರಿಗೆ ಫ್ಲೈಸ್ಪೆಕರ್ ಅಂತಲೇ ಹೆಸರು. ನೊಣದ ಹಿಕ್ಕೆ ಹುಡುಕುವವರು ಅಂತ. ನಾನೂ ಅದೇ ಪಂಗಡ, ಮುಚ್ಚುಮರೆ ಇಲ್ಲ. ಚುಕ್ಕೆಯ ಫೋಟೋ ಹಾಕಿ.

ಅಂಚೆಪೆಟ್ಟಿಗೆ · ಸೋಮವಾರ ಬೆಳಗ್ಗೆ 7:15

ಫೋಟೋ ಹಾಕಿದ್ದೇನೆ. ಮೊಬೈಲನ್ನು ಭೂತಗನ್ನಡಿಯ ಮೇಲಿಟ್ಟು ತೆಗೆದಿದ್ದು. ಮೂರು ಚುಕ್ಕೆ ಇವೆ.

ಕೀಟಲೆ · 7:40

ಸರ್, ಚೀಟಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ನೊಣದ್ದಾದರೆ ಕಾಗದದ ಮೇಲೆ ಉಬ್ಬಿ ಕೂತಿರುತ್ತೆ, ಒಣಗಿದ ಗೋಂದಿನ ಹನಿಯ ಹಾಗೆ ಮಿಂಚುತ್ತೆ, ಅಂಚು ಸ್ಪಷ್ಟ. ಹಿಕ್ಕೆಯೇ ಆಗಬೇಕು ಅಂತಿಲ್ಲ, ವಾಂತಿಯೂ ಇರಬಹುದು. ನೊಣಕ್ಕೆ ಅಗಿಯೋಕೆ ಹಲ್ಲಿಲ್ಲ, ಕೂತಲ್ಲಿ ಎಂಜಲು ಕಕ್ಕಿ ಕರಗಿಸಿ ಹೀರುತ್ತೆ. ನಿಮ್ಮ ಚೀಟಿಯ ಗೋಂದಿನ ರುಚಿ ನೋಡೋಕೆ ಬಂದಿರಬೇಕು.

ಚಿಮುಟ · 7:52

ಕಾಗದದ ಒಳಗೇ ಇಳಿದು ಸುತ್ತ ಮಸುಕಾಗಿದ್ದರೆ ಅದು ನೊಣದ್ದಲ್ಲ, ಟೋನಿಂಗ್. ತೇವಕ್ಕೆ ಬರುವ ಕಂದು ಕಲೆ. ನಮ್ಮ ಕಡೆಯ ಮಳೆಗಾಲ ಕಳೆದ ಎಲ್ಲ ಆಲ್ಬಂಗಳಲ್ಲೂ ಇರುತ್ತೆ. ಅದಾದರೆ ಆ ಚೀಟಿಯನ್ನು ಉಳಿದವುಗಳಿಂದ ದೂರ ಇಡಿ, ಪಕ್ಕದ್ದಕ್ಕೂ ಹಬ್ಬುತ್ತೆ.

ಅಂಚೆಪೆಟ್ಟಿಗೆ · 8:30

ಕಿಟಕಿ ಹತ್ತಿರ ಹಿಡಿದು ನೋಡಿದೆ. ಎರಡು ಚುಕ್ಕೆ ಮಸುಕು, ಕಾಗದದ ಒಳಗೇ ಇವೆ. ಮಳೆಗಾಲದ್ದು. ಮೂರನೆಯದು ಉಬ್ಬಿದೆ, ಮಿಂಚುತ್ತಿದೆ. ಮನೆಯವಳಿಗೆ ತೋರಿಸಿದೆ. "ನಾನು ಮೊದಲೇ ಹೇಳಲಿಲ್ವಾ" ಅಂದಳು. ಮೂರರಲ್ಲಿ ಒಂದು ಸರಿ ಅಂದಿದ್ದಕ್ಕೆ ಇವತ್ತು ಎರಡನೇ ಕಾಫಿ ಇಲ್ಲ.

ಅದನ್ನ ತೆಗೆಯೋದಿಲ್ಲ ಅಂತ ತೀರ್ಮಾನ ಮಾಡಿದ್ದೇನೆ. ಕೊನೇ ಹಾಳೆಗೆ ಇದೇ ಚೀಟಿ. ತೀರ್ಪುಗಾರರು ಅಂಕ ಕಳೆಯುತ್ತಾರಾ?

ಚಿಮುಟ · 8:41

ಸ್ಥಿತಿಗೆ ಅಂಕ ಹೋಗುತ್ತೆ, ಖಂಡಿತ. ಹಾಕಿ. ಬೇರೆ ಮೌಂಟಿನಲ್ಲಿ, ಅಂದರೆ ಪಾರದರ್ಶಕ ಹೊದಿಕೆಯಲ್ಲಿ, ಮುಚ್ಚಿ ಹಾಕಿ, ಟೋನಿಂಗ್ ಹಬ್ಬದಿರಲಿ. ಕೆಳಗೆ ಮೂರು ಚುಕ್ಕೆಗೂ ಬಾಣದ ಗುರುತು ಕೊಟ್ಟು ಯಾವುದು ಯಾವುದು ಅಂತ ಬರೆಯಿರಿ.

ಗದ್ಯಾಣ · 9:15

ಕಾಲಾಣೆ ನಾಲ್ಕು ಇವತ್ತು ಅಂಚೆಯಲ್ಲಿ ಹೊರಟಿವೆ. ಕವರಿಗೆ ಚೀಟಿ ಹಚ್ಚಿಯೇ ಕಳಿಸಿದ್ದೇನೆ. ಕೌಂಟರಿನವರು ಸೀಲ್ ಮಾತ್ರ ಸ್ವಲ್ಪ ಜೋರಾಗಿ ಕುಟ್ಟಿದರು, ಕ್ಷಮಿಸಿ.